ಮಗಳು ಮಿತಭಾಷಿ: ಪವಾಯಿ ಅವಳಿಗೆ ಒಗ್ಗೀತೇ?

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳಿಗೆ ಐಐಟಿ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ. ಮುಂಬಯಿಯ ಪವಾಯಿಯಲ್ಲಿರುವ ಐಐಟಿಯಲ್ಲಿ ಅವಳು ಬಯಸಿದ ವಿಭಾಗ ಸಿಗದು, ಬೇರೊಂದು ಸಿಗಬಹುದು. ಮಾಟುಂಗಾದ ಎಂಜಿನಿಯರಿಂಗ್ ಕಾಲೇಜು ವಿಜೆಟಿಐಯಲ್ಲಿ ಬಯಸಿದ್ದೇ ಸಿಗುವಂತಿದೆ. ಅವಳದು ಮಾತು ಕಡಿಮೆ, ಗೆಳತಿಯರೂ ಇಬ್ಬರೋ ಮೂವರೋ. ಅಂಥ ದೊಡ್ಡ ಸಂಸ್ಥೆ ಅವಳ ಸ್ವಭಾವಕ್ಕೆ ಹೊಂದೀತೇ?

ಉತ್ತರ: ಪ್ರತಿ ಜೂನ್ ತಿಂಗಳಲ್ಲೂ ಡೊಂಬಿವಲಿ, ಠಾಣೆ, ಪುಣೆಗಳ ಕನ್ನಡ ಮನೆಗಳಿಂದ ಈ ಪ್ರಶ್ನೆ ಬರುತ್ತದೆ, ಸಂಸ್ಥೆಯ ಹೆಸರು ಮಾತ್ರ ಬೇರೆಯಾಗಿರುತ್ತದೆ. ಮಾತು ಕಡಿಮೆ ಎಂಬುದನ್ನೇ ದೊಡ್ಡ ಅಡ್ಡಿಯೆಂದು ತಂದೆತಾಯಿ ಭಾವಿಸುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಸಾವಿರಾರು ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ವಾಸಿಸುವ ಕಡೆ ಮಿತಭಾಷಿಗಳೂ ಸಾಕಷ್ಟಿರುತ್ತಾರೆ, ಅವರಿಗೆ ಅವರಂಥವರು ಸಿಕ್ಕೇ ಸಿಗುತ್ತಾರೆ. ನೋಡಬೇಕಾದದ್ದು ಬೇರೆ ಎರಡು ಗುಣಗಳನ್ನು: ತಾನು ಗುಂಪಿನಲ್ಲಿ ಗೋವಿಂದ ಎಂದು ತಿಳಿದ ದಿನ ಅವಳು ಹೇಗಿರುತ್ತಾಳೆ, ಮತ್ತು ತಿಳಿಯದಿದ್ದಾಗ ಬಾಯಿಬಿಟ್ಟು ಕೇಳುತ್ತಾಳೆಯೇ.

ಮೊದಲನೆಯದಕ್ಕೆ ಕಾರಣವಿದೆ. ಪವಾಯಿಯಂಥ ಸಂಸ್ಥೆಗಳ ಬಹುತೇಕ ವಿಷಯಗಳಲ್ಲಿ ಶ್ರೇಣಿ (ಗ್ರೇಡ್) ನಿರ್ಧಾರವಾಗುವುದು ನೀವು ಪಡೆದ ಅಂಕದಿಂದಷ್ಟೇ ಅಲ್ಲ, ಇಡೀ ತರಗತಿ ಪಡೆದ ಅಂಕಗಳ ನಡುವೆ ನಿಮ್ಮ ಅಂಕ ಎಲ್ಲಿ ನಿಲ್ಲುತ್ತದೆ ಎಂಬುದರಿಂದಲೂ. ಹತ್ತನೆಯ ತರಗತಿಯವರೆಗೆ ಶಾಲೆಗೇ ಮೊದಲಿಗರಾಗಿದ್ದವರೆಲ್ಲ ಒಂದೇ ಕೋಣೆಯಲ್ಲಿ ಕುಳಿತಾಗ ಅವರಲ್ಲಿ ಅರ್ಧದಷ್ಟು ಮಂದಿ ಕೆಳಗಿನ ಅರ್ಧಕ್ಕೆ ಸೇರಲೇಬೇಕು. ಇದು ಬರಿಯ ಲೆಕ್ಕ, ಯಾರ ತಪ್ಪೂ ಅಲ್ಲ. ಆಸ್ಟ್ರೇಲಿಯಾದ ಶಿಕ್ಷಣ ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿ, ಒಂದೇ ಸಾಮರ್ಥ್ಯದ ಇಬ್ಬರಲ್ಲಿ ಹೆಚ್ಚು ಪ್ರತಿಭಾವಂತರ ನಡುವೆ ಓದುವವನಿಗೆ ತನ್ನ ಓದಿನ ಬಗ್ಗೆ ಇರುವ ವಿಶ್ವಾಸ ಕಡಿಮೆಯಾಗುವ ಪ್ರವೃತ್ತಿಯಿದೆಯೆಂದು ತೋರಿಸಿದರು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತೇವಲ್ಲ. ಊರಿನವರೆಲ್ಲ ಗೌಡರೇ ಆದಾಗ ಏನಾಗುತ್ತದೆಂಬುದೇ ಇಲ್ಲಿನ ಸಂಗತಿ.

ನಾನು ಎರಡು ವರ್ಷ ಗಣಿತ ಹೇಳಿಕೊಟ್ಟ ಕಲ್ಯಾಣದ ಹುಡುಗನೊಬ್ಬ ಹೆಸರಾಂತ ಸಂಸ್ಥೆಯೊಂದನ್ನು ಸೇರಿ, ಆ ವರ್ಷದ ದೀಪಾವಳಿಗೆ ಮನೆಗೆ ಬಂದಾಗ ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಮೂವತ್ತಕ್ಕೆ ಹನ್ನೊಂದು. ಎರಡು ತಿಂಗಳು ತಾಯಿ ಫೋನು ಮಾಡಿದಾಗಲೆಲ್ಲ "ಊಟ ಆಯ್ತಮ್ಮ, ಎಲ್ಲ ಚೆನ್ನಾಗಿದೆ" ಎಂದಷ್ಟೇ ಹೇಳಿದ್ದನಂತೆ. ಅಂಕಕ್ಕಿಂತ ಅವನನ್ನು ಕುಗ್ಗಿಸಿದ್ದು, ಪಕ್ಕದ ಮಂಚದ ಹುಡುಗ ಹಿಂದಿನ ರಾತ್ರಿ ಕ್ಯಾರಂ ಆಡಿಯೂ ಇಪ್ಪತ್ತೈದು ತೆಗೆದದ್ದು. ನನ್ನ ಬಳಿ ಇದ್ದ ಎರಡು ವರ್ಷಗಳಲ್ಲಿ ಅವನು ತಾನಾಗಿ ಒಂದು ಸಂದೇಹವನ್ನೂ ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಸಂಜೆ. ನಾನು ಅದನ್ನು ಜಾಣತನವೆಂದು ಎಣಿಸಿದ್ದೆ. ಜನವರಿಯಲ್ಲಿ ಅವನು ಹಿರಿಯ ವಿದ್ಯಾರ್ಥಿಯೊಬ್ಬನ ಕೋಣೆಯ ಬಾಗಿಲು ತಟ್ಟಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಅವನು ಇಂದಿಗೂ ಮಿತಭಾಷಿಯೇ.

ಇನ್ನು, ಹೆಸರಾಂತ ಸಂಸ್ಥೆಯನ್ನು ಬಿಟ್ಟರೆ ಬದುಕು ಕೆಟ್ಟೀತೆಂಬ ಭಯ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಷ್ಠಿತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆಡೆ ಓದಿದವರ ಮುಂದಿನ ಗಳಿಕೆ ಅಲ್ಲಿಯೇ ಓದಿದವರ ಗಳಿಕೆಗೆ ಹೆಚ್ಚು ಕಡಿಮೆ ಸಮನಾಗಿತ್ತು. ಆದರೆ ಬಡ ಕುಟುಂಬಗಳಿಂದ ಬಂದವರಿಗೆ ಪ್ರತಿಷ್ಠಿತ ಕಾಲೇಜಿನಿಂದ ಲಾಭವಾದದ್ದೂ ಅದರಲ್ಲಿ ಕಂಡಿತ್ತು. ಅಮೆರಿಕದ ಲೆಕ್ಕವನ್ನು ಮುಂಬಯಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಮೊಮ್ಮಕ್ಕಳಿಗೆ, ಅಂದರೆ ದೊಡ್ಡ ಉದ್ಯೋಗಗಳಲ್ಲಿ ಪರಿಚಿತರು ಯಾರೂ ಇಲ್ಲದ ಮನೆಯ ಮಕ್ಕಳಿಗೆ, ಸಹಪಾಠಿಗಳ ಬಳಗವೇ ದೊಡ್ಡ ಆಸ್ತಿಯಾಗಬಲ್ಲದು ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ಮನೆ ಅಂಥದ್ದಾದರೆ ತಕ್ಕಡಿಯಲ್ಲಿ ಪವಾಯಿಯ ಕಡೆಗೆ ತುಸು ತೂಕ ಸೇರಿಸಿಕೊಳ್ಳಿ.

ಪ್ರತಿಷ್ಠಿತ ಎನಿಸಿಕೊಂಡ ಸಂಸ್ಥೆಗಳೆಲ್ಲ ಒಂದೇ ಬಗೆಯವೂ ಅಲ್ಲ. ಗೋವಾದಲ್ಲಿರುವ ಖಾಸಗಿ ಎಂಜಿನಿಯರಿಂಗ್ ಸಂಸ್ಥೆ ಬಿಟ್ಸ್‌ನಲ್ಲಿ ಹಾಜರಾತಿ ಕಡ್ಡಾಯವಲ್ಲ. ಬೆಳಿಗ್ಗೆ ಎಬ್ಬಿಸುವವರಿಲ್ಲದೆ ಎದ್ದು ಹೋಗುವ ಮಗುವಿಗೆ ಅದು ವರ, ಇಲ್ಲದವರಿಗೆ ಶಾಪ. ಪುಣೆಯ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್‌ನಲ್ಲಿ ಗಣಿತವನ್ನಷ್ಟೇ ಪ್ರೀತಿಸುವವರೂ ಆರಂಭದಲ್ಲಿ ಜೀವವಿಜ್ಞಾನ, ರಸಾಯನಶಾಸ್ತ್ರಗಳನ್ನು ಓದಬೇಕು. 1887ರಲ್ಲಿ ಆರಂಭವಾದ ವಿಜೆಟಿಐಗೆ ನಿಮ್ಮ ಮಗಳು ಡೊಂಬಿವಲಿಯಿಂದ ದಿನವೂ ಲೋಕಲ್ ಟ್ರೇನಿನಲ್ಲಿ ಓಡಾಡಬಹುದು: ರಾತ್ರಿಯ ಊಟ ಮನೆಯಲ್ಲಿ, ಆದರೆ ದಿನಕ್ಕೆ ಎರಡು ತಾಸಿಗೂ ಮಿಕ್ಕ ಸಮಯ ನೂಕುನುಗ್ಗಲಿನಲ್ಲಿ. ಏಕಾಂತವಿಲ್ಲದೆ ಓದಲಾಗದ ಹುಡುಗಿಗೆ ಹಾಸ್ಟೆಲಿನ ಗದ್ದಲವೂ ಕಷ್ಟ, ಸಂಜೆ ಆರರ ಲೋಕಲ್ಲೂ ಕಷ್ಟ. ಎರಡರಲ್ಲಿ ಯಾವುದನ್ನು ತಾಳಿಕೊಂಡಾಳೆಂದು ಹೇಳಬೇಕಾದವಳು ಅವಳೇ.

ಆದ್ದರಿಂದ ಸಾಧ್ಯವಾದರೆ ಎರಡೂ ಕಡೆ ಎರಡನೆಯ ವರ್ಷದಲ್ಲಿರುವ ಒಬ್ಬೊಬ್ಬ ವಿದ್ಯಾರ್ಥಿನಿಯನ್ನು ಅವಳು ಭೇಟಿಯಾಗಲಿ. ನೀವು ಹೊರಗೆ ಚಹಾ ಕುಡಿಯುತ್ತಿರಿ. ಎದುರಿಗೆ ತಾಯಿ ಕುಳಿತಿದ್ದರೆ ಯಾರೂ ನಿಜ ಹೇಳುವುದಿಲ್ಲ. "ಕಾಲೇಜು ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ. "ಹೋದ ಮಂಗಳವಾರ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದೆ, ಲೆಕ್ಕ ಬಿಡಿಸಲಾಗದಿದ್ದಾಗ ಯಾರ ಬಳಿ ಹೋದೆ" ಎಂದು ಕೇಳಿದರೆ ಸಂಸ್ಥೆಯ ನಿಜವಾದ ಚಿತ್ರ ಸಿಗುತ್ತದೆ.

ವಿಭಾಗದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪವಾಯಿಯಲ್ಲಿ ಸಿಗುವ ವಿಭಾಗದ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರಿನ ಪಠ್ಯಕ್ರಮವನ್ನು ಸಂಸ್ಥೆಯ ಜಾಲತಾಣದಿಂದ ತೆಗೆದು ಅವಳ ಕೈಗೆ ಕೊಡಿ, ಏಕೆಂದರೆ ಮೊದಲ ವರ್ಷದ ಬಹುಪಾಲು ಎಲ್ಲರಿಗೂ ಒಂದೇ. ಎರಡು ಮೂರು ವಿಷಯಗಳನ್ನಾದರೂ ಓದಬೇಕೆನಿಸಿ, ತಿಳಿಯದ್ದನ್ನು ಕೇಳುವ ಅಭ್ಯಾಸವೂ ಅವಳಿಗಿದ್ದರೆ ಪವಾಯಿಗೆ ಕಳುಹಿಸಿ. ಪಟ್ಟಿಯನ್ನು ನೋಡಿ ಅವಳ ಮುಖ ಸಪ್ಪಗಾದರೆ ಮಾಟುಂಗಾವೇ ಸರಿ.

ಐಐಟಿ ಮೊದಲಾದ ಸಂಸ್ಥೆಗಳ ಸೀಟು ಹಂಚುವ ಜೋಸಾದ ಸುತ್ತುಗಳಲ್ಲಿ ಸೀಟು ಒಪ್ಪಿಕೊಳ್ಳುವಾಗ ಒಂದು ಎಚ್ಚರ. ಸಿಕ್ಕಿದ್ದೇ ಸಾಕೆಂದರೆ "ಫ್ರೀಜ್". ಅದೇ ಸಂಸ್ಥೆಯಲ್ಲಿ ನೀವು ತುಂಬಿದ ಆಯ್ಕೆಪಟ್ಟಿಯ ಮೇಲಿನ ವಿಭಾಗಕ್ಕಾಗಿ ಕಾಯುವುದಾದರೆ "ಸ್ಲೈಡ್". ಯಾವ ಸಂಸ್ಥೆಯಾದರೂ ಸರಿ, ಪಟ್ಟಿಯ ಮೇಲಿನ ಆಯ್ಕೆ ಸಿಗಲಿ ಎನ್ನುವುದಾದರೆ "ಫ್ಲೋಟ್". ನಿಮ್ಮ ಮಗಳು ಪವಾಯಿಯ ಆವರಣವನ್ನು ಮೆಚ್ಚಿ ವಿಭಾಗಕ್ಕಾಗಿ ಕಾಯುವುದಾದರೆ ಅವಳು ಒತ್ತಬೇಕಾದದ್ದು "ಸ್ಲೈಡ್". ಅವಸರದಲ್ಲಿ "ಫ್ಲೋಟ್" ಒತ್ತಿ, ಪಟ್ಟಿಯ ಮೇಲ್ಭಾಗದಲ್ಲಿ ಸುಮ್ಮನೆ ತುಂಬಿಸಿಟ್ಟಿದ್ದ ದೂರದ ಊರಿನ ಸೀಟು ಬಂದಾಗ ಕಣ್ಣು ಕಣ್ಣು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ.