ಕಿರುಚೋದೂ ಹಾಡೇನಾ?

ಮನೆಯಲ್ಲಿ ಮೆಟಲ್, ಅಂದರೆ ರಾಕ್ ಸಂಗೀತದ ಭಾರವಾದ ಕವಲು, ಹಾಕಿದರೆ ಅಮ್ಮ ಕೇಳೋದು ಒಂದೇ: "ಯಾಕೋ, ಅವನಿಗೆ ಏನಾಯ್ತು?" ಗಿಟಾರ್, ಡ್ರಮ್ಸ್ ಬಗ್ಗೆ ಅಮ್ಮನ ದೂರಿಲ್ಲ. ತಕರಾರು ಹಾಡುವವನ ಆ ಗಂಟಲಿನದು.

ಮೆಟಲ್ ಮೊದಲು ಹೀಗಿರಲಿಲ್ಲ. 1970ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬತ್ ಬ್ಯಾಂಡಿನ ಮೊದಲ ಆಲ್ಬಮ್ ಬಂದಾಗ ಸಂಗೀತ ಭಾರವಾಗಿತ್ತು, ಆದರೆ ಅದರ ಗಾಯಕ ಆಝಿ ಆಸ್ಬರ್ನ್ ಹಾಡುತ್ತಲೇ ಇದ್ದ. 80ರ ದಶಕದಲ್ಲಿ ಗಿಟಾರಿನ ಶ್ರುತಿ ಇಳಿಯಿತು, ಡ್ರಮ್ಸ್ ವೇಗ ಏರಿತು. ಅದರ ಮೇಲೆ ಇಂಪಾದ ದನಿ ನಿಲ್ಲಲಿಲ್ಲ. 1985ರಲ್ಲಿ ಕ್ಯಾಲಿಫೋರ್ನಿಯಾದ ಪೊಸೆಸ್ಡ್, 1987ರಲ್ಲಿ ಫ್ಲಾರಿಡಾದ ಡೆತ್, ಹೀಗೆ ಒಂದೊಂದು ಬ್ಯಾಂಡಿನಿಂದ ಗುರುಗುಟ್ಟುವ ದನಿಗೆ ಜಾಗ ಆಯಿತು. ಅದೇ 1987ರಲ್ಲಿ ನೇಪಾಮ್ ಡೆತ್ ಬ್ಯಾಂಡ್ ಹೊರತಂದ ಆಲ್ಬಮ್‌ನಲ್ಲಿ ಒಂದೂವರೆ ಸೆಕೆಂಡೂ ಇಲ್ಲದ ಹಾಡಿದೆ. ಅದನ್ನು ಹಾಡು ಅನ್ನೋಕೆ ನನಗೂ ಸಂಕೋಚವೇ.

'ಸುಮ್ನೆ ಅರಚ್ತಾರೆ' ಅನ್ನೋ ಮಾತು ಮಾತ್ರ ನಾನು ಒಪ್ಪಲ್ಲ. ಮಾತಾಡುವಾಗ ನಡುಗುವುದು ಸ್ವರತಂತುಗಳು. ಅವುಗಳ ಸ್ವಲ್ಪ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ. ಮಾಮೂಲಿ ಮಾತಿಗೆ ಅವು ಬೇಕಾಗಿಲ್ಲ. ಗ್ರೌಲ್, ಅಂದರೆ ಈ ಗುರುಗುಟ್ಟು, ಮಾಡುವವರು ಅವನ್ನು ಹತ್ತಿರ ತಂದು, ಉಸಿರನ್ನು ಹಿಡಿತದಲ್ಲಿ ಬಿಟ್ಟು ನಡುಗಿಸುತ್ತಾರೆ. ರಷ್ಯಾದ ಟೂವಾ ಜನರ ಕರ್ಗಿರಾ ಹಾಡಿಕೆಯಲ್ಲೂ ಇದೇ ಮಡಿಕೆಗಳ ಕೆಲಸ. ಕೇಳುವಾಗ ಗಂಟಲು ಹರಿಯುವಂತಿದ್ದರೂ ಎಷ್ಟೋ ಸಲ ದನಿ ಅಷ್ಟೇನೂ ಜೋರಿರುವುದಿಲ್ಲ, ಉಳಿದದ್ದು ಮೈಕ್ ನೋಡಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನಾನು ಬಾತ್‌ರೂಮಿನಲ್ಲಿ ಒಮ್ಮೆ ಪ್ರಯತ್ನಿಸಿ ಎರಡು ದಿನ ಉಪ್ಪುನೀರು ಮುಕ್ಕಳಿಸಿದೆ.

ಇದನ್ನು ಕಲಿಸುವವರೂ ಇದ್ದಾರೆ. ನ್ಯೂಯಾರ್ಕಿನ ಮೆಲಿಸಾ ಕ್ರಾಸ್ ಇದಕ್ಕೆಂದೇ ಪಾಠದ ಡಿವಿಡಿ ತಂದರು. ಅವರ ಶಿಷ್ಯ, ಲ್ಯಾಂಬ್ ಆಫ್ ಗಾಡ್ ಬ್ಯಾಂಡಿನ ಗಾಯಕ ರ್ಯಾಂಡಿ ಬ್ಲೈತ್, 2010ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿದ್ದ. ಇದು ಗಂಡಸರ ಕೆಲಸ ಅನ್ನೋ ಮಾತು ಜರ್ಮನಿಯ ಏಂಜೆಲಾ ಗೊಸೊ ಆರ್ಚ್ ಎನಿಮಿ ಬ್ಯಾಂಡಿಗೆ ಗಾಯಕಿಯಾಗಿ ಸೇರಿದ ಮೇಲೆ ಸಡಿಲವಾಯಿತು.

ಮಾತು ಅರ್ಥವಾಗಲ್ಲ ಅನ್ನೋ ದೂರು ನ್ಯಾಯವೇ. ನನ್ನ ದೂರು ಬೇರೆ. ಶುರುವಿನಿಂದ ಕೊನೆಯವರೆಗೆ ಒಂದೇ ಗುರುಗುಟ್ಟಾದರೆ ಹತ್ತು ನಿಮಿಷಕ್ಕೆ ಕಿವಿ ಮರಗಟ್ಟುತ್ತದೆ. ಸ್ವೀಡನ್ನಿನ ಓಪೆತ್ ಬ್ಯಾಂಡ್ ನನಗೆ ಹಿಡಿಸುವುದು ಅದಕ್ಕೇ. ಅದರ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಗುರುಗುಟ್ಟಿ, ಮರುಕ್ಷಣ ಮೆಲ್ಲಗೆ ಹಾಡಬಲ್ಲ. 2011ರ ಆಲ್ಬಮ್‌ನಲ್ಲಿ ಅವನು ಗ್ರೌಲ್ ಕೈಬಿಟ್ಟಾಗ ಅಭಿಮಾನಿಗಳು ಉಲ್ಟಾ ಜಗಳ ತೆಗೆದರು: ಕಿರುಚು ಮಾರಾಯ, ಯಾಕೆ ಬಿಟ್ಟೆ? 2024ರ ಆಲ್ಬಮ್‌ನಲ್ಲಿ ಆ ದನಿ ವಾಪಸ್ ಬಂತು.

ಅದನ್ನು ಕೇಳುತ್ತಿದ್ದಾಗ ಮೆಲುದನಿಯ ಭಾಗಕ್ಕೆ ಅಮ್ಮ ಬಾಗಿಲಲ್ಲಿ ನಿಂತರು. "ಇವನು ಚೆನ್ನಾಗಿ ಹಾಡ್ತಾನಲ್ವಾ? ಆ ಇನ್ನೊಬ್ಬನ್ನ ಯಾಕೆ ಸೇರಿಸ್ಕೊಂಡಿದಾರೆ?"