ರಾಯಚೂರಿನ ಮೇ ತಿಂಗಳಲ್ಲಿ ಹೆಣ ತಣ್ಣಗಾಗುವುದಿಲ್ಲ

ಟೀವಿಯ ಅಪರಾಧ ಧಾರಾವಾಹಿಯಲ್ಲಿ ಹೆಂಡತಿ ಸತ್ತು ಬಿದ್ದರೆ ಕೊಂದವನು ಯಾರೆಂದು ಊಹಿಸಲು ನಮ್ಮ ಜನಕ್ಕೆ ಐದು ನಿಮಿಷವೂ ಬೇಡ. ಗಂಡನೇ. ಮಿಕ್ಕ ಕುತೂಹಲವೆಲ್ಲ ಅವನ ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದಷ್ಟೇ. ಆಗ ಬಿಳಿ ಕೋಟಿನ ಡಾಕ್ಟರೊಬ್ಬರು ಬರುತ್ತಾರೆ, ಹೆಣದ ಕೈ ಮುಟ್ಟುತ್ತಾರೆ, 'ಸಾವಾಗಿರೋದು ರಾತ್ರಿ ಹತ್ತೂಕಾಲಿಂದ ಹತ್ತೂವರೆ ಒಳಗೆ' ಎನ್ನುತ್ತಾರೆ. ಹನ್ನೊಂದರ ಬಸ್ಸಿಗೆ ಹೊಸಪೇಟೆಗೆ ಹೋಗಿದ್ದೆ ಎಂದಿದ್ದ ಗಂಡನ ಮುಖದಲ್ಲಿ ಬೆವರು. ಜಾಹೀರಾತು.

ಗಂಡನ ಮೇಲಿನ ಅನುಮಾನದ ಬಗ್ಗೆ ನನ್ನ ತಕರಾರಿಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನಾದ್ಯಂತ ಕೊಲೆಯಾದ ಸುಮಾರು 85,000 ಹೆಂಗಸರು ಮತ್ತು ಹುಡುಗಿಯರಲ್ಲಿ 51,100 ಮಂದಿಯನ್ನು ಕೊಂದವರು ಸಂಗಾತಿಗಳು ಇಲ್ಲವೇ ಮನೆಯವರೇ. ನನ್ನ ತಕರಾರು ಆ ಡಾಕ್ಟರ ಗಡಿಯಾರದ ಮೇಲೆ. ಅದು ಚಳಿದೇಶದ ಗಡಿಯಾರ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಯುಗಾದಿ ಕಳೆದ ಮೇಲೆ ಅದು ನಡೆಯುವುದೇ ಇಲ್ಲ.

ಬಿಸಿ ವಸ್ತು ತಣ್ಣಗಾಗುವ ವೇಗ ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸುತ್ತದೆ ಎಂದು ನ್ಯೂಟನ್ 1701ರಲ್ಲಿ ಹೆಸರು ಹಾಕದೆ ಪ್ರಕಟಿಸಿದ. ಅದನ್ನು ಹೆಣಕ್ಕೆ ಅನ್ವಯಿಸಲು ಒಂದೂವರೆ ಶತಮಾನ ಹಿಡಿಯಿತು. ಗಣಿಯ ಸುರಕ್ಷಾ ದೀಪ ಕಂಡುಹಿಡಿದ ಹಂಫ್ರಿ ಡೇವಿಯ ತಮ್ಮ ಜಾನ್ ಡೇವಿ ಸೇನಾ ವೈದ್ಯ. ಮಾಲ್ಟಾದಲ್ಲಿ ಸತ್ತ ಬ್ರಿಟಿಷ್ ಸಿಪಾಯಿಗಳ ದೇಹದ ಉಷ್ಣತೆ ಅಳೆದು 1839ರಲ್ಲಿ ಬರೆದಿಟ್ಟ. 1868ರಲ್ಲಿ ಗ್ಲಾಸ್ಗೋದ ಹ್ಯಾರಿ ರೇನಿ ನ್ಯೂಟನ್‌ನ ಸೂತ್ರವನ್ನೇ ಹೆಣಗಳ ಮೇಲೆ ಪರೀಕ್ಷಿಸಿ, ಅದು ನೇರವಾಗಿ ಹೊಂದುವುದಿಲ್ಲ ಎಂದು ಕಂಡುಕೊಂಡ. ಸತ್ತ ಕೂಡಲೇ ಒಡಲಿನ ಒಳಗಿನ ಶಾಖ ಇಳಿಯಲು ಶುರುವಾಗುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇದ್ದಲ್ಲೇ ಇರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಜರ್ಮನಿಯ ಕ್ಲೌಸ್ ಹೆನ್ಸ್‌ಗೆ (Henssge) ಎಂಬಾತ 1988ರಲ್ಲಿ ಕೊಟ್ಟ ನಕ್ಷೆಯನ್ನು ವಿಧಿವಿಜ್ಞಾನದವರು ಇಂದಿಗೂ ಬಳಸುತ್ತಾರೆ. ಎಲ್ಲ ಅನುಕೂಲ ಕೂಡಿಬಂದರೂ ಅದು ಕೊಡುವ ಉತ್ತರ ಹಿಂದೆ 2.8 ಗಂಟೆ, ಮುಂದೆ 2.8 ಗಂಟೆ ಜಗ್ಗುತ್ತದೆ. ಧಾರಾವಾಹಿಯ ಡಾಕ್ಟರು ಹದಿನೈದು ನಿಮಿಷಕ್ಕೆ ತಂದು ನಿಲ್ಲಿಸುವುದು ಬರಿಗೈಯಲ್ಲಿ!

ಈಗ ಒಂದು ಲೆಕ್ಕ ಮಾಡೋಣ. ಸತ್ತಾಗ ಮೈ 37 ಡಿಗ್ರಿ ಇತ್ತು ಎನ್ನಿ. ಲೆಕ್ಕ ಸರಳವಿರಲೆಂದು ಆ ಮೊದಲ ತಟಸ್ಥ ಹೊತ್ತನ್ನು ಬಿಟ್ಟು, ಗಂಟೆಗೆ ಅಂತರದ ಶೇಕಡಾ ಆರರಷ್ಟು ಶಾಖ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಕೋಣೆ 20 ಡಿಗ್ರಿ ಇದ್ದರೆ ಆರು ಗಂಟೆಯ ನಂತರ ಮೈ ಸುಮಾರು 32ಕ್ಕೆ ಬಂದಿರುತ್ತದೆ. ಐದು ಡಿಗ್ರಿ ಇಳಿಕೆ, ಓದಲು ಸಲೀಸು. ಅದೇ ಕೋಣೆ 34 ಡಿಗ್ರಿ ಇದ್ದರೆ ಆರು ಗಂಟೆಯಾದರೂ ಮೈ 36ರ ಮೇಲೇ ಇರುತ್ತದೆ. ಒಂದು ಡಿಗ್ರಿಯೂ ಇಳಿದಿಲ್ಲ.

ಅಸಲು ತೊಡಕು ಇನ್ನು ಮುಂದಿದೆ. ಸಾಯುವ ಗಳಿಗೆಯಲ್ಲಿ ಅವಳ ಮೈ ಸರಿಯಾಗಿ 37 ಇತ್ತೆಂದು ಹೇಳುವವರು ಯಾರು? ಜ್ವರ ಇದ್ದಿರಬಹುದು, ಜೀವ ಉಳಿಸಿಕೊಳ್ಳಲು ಗುದ್ದಾಡಿರಬಹುದು. ಬರೀ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೆ 20 ಡಿಗ್ರಿಯ ಕೋಣೆಯಲ್ಲಿ ಸಾವಿನ ಹೊತ್ತು ಸುಮಾರು ಅರ್ಧ ಗಂಟೆ ತಪ್ಪುತ್ತದೆ. 34 ಡಿಗ್ರಿಯ ಕೋಣೆಯಲ್ಲಿ ಎರಡೂವರೆಯಿಂದ ಮೂರು ಗಂಟೆ ತಪ್ಪುತ್ತದೆ. ಅಷ್ಟು ಎಂದರೆ ರಾಯಚೂರು ಬಿಟ್ಟು ಹೊಸಪೇಟೆಯ ದಾರಿಯಲ್ಲಿ ಬಹುದೂರ ಹೋಗಿ, ನಡುವೆ ಒಂದು ಚಹಾ ಕುಡಿದು, ನಾಲ್ಕು ಜನರ ಕಣ್ಣಿಗೆ ಬೀಳುವಷ್ಟು ಹೊತ್ತು.

ಕೋಣೆ 37 ಮುಟ್ಟಿದರೆ ಗಡಿಯಾರ ನಿಂತೇಹೋಗುತ್ತದೆ. ನಲವತ್ತಾದರೆ ಹಿಂದಕ್ಕೆ ಓಡುತ್ತದೆ, ಹೆಣ ಬಿಸಿಯಾಗುತ್ತದೆ. ಇದು ಪುಸ್ತಕದ ಮಾತಲ್ಲ. ಏಪ್ರಿಲ್ ಮೇಯಲ್ಲಿ ಇಲ್ಲಿ ಹೊರಗೆ 42, 43 ಡಿಗ್ರಿ ಮಾಮೂಲು. ಇಡೀ ದಿನ ಬಿಸಿಲು ಕುಡಿದ ಆರ್‌ಸಿಸಿ ಚಾವಣಿ ರಾತ್ರಿಯೆಲ್ಲ ಅದನ್ನು ಒಳಕ್ಕೆ ಬಿಡುತ್ತಿರುತ್ತದೆ. ರಾತ್ರಿ ಹತ್ತಕ್ಕೂ ನಲ್ಲಿ ತಿರುವಿದರೆ ಕೈ ಸುಡುವ ನೀರು ಬರುವುದು ಅದೇ ಕಾರಣಕ್ಕೆ. ತಗಡಿನ ಶೆಡ್ಡಿನ ಮಾತಂತೂ ಬೇಡ. ಹಳೇ ಮಣ್ಣಿನ ಮಾಳಿಗೆ ಮನೆ ಇದಕ್ಕಿಂತ ತಂಪು. ಹಾಗಾಗಿ ಒಂದೇ ಓಣಿಯ ಎರಡು ಮನೆಗಳಲ್ಲಿ ಎರಡು ಲೆಕ್ಕ.

'ಮೈ ಇನ್ನಾ ಬೆಚ್ಚಗ ಐತಿ, ಜೀವ ಪೂರಾ ಹೋಗಿಲ್ಲ, ಏನೋ ಆಸೆ ಉಳದೈತಿ' ಎನ್ನುವ ಮಾತು ಸಾವಿನ ಮನೆಗಳಲ್ಲಿ ಕೇಳಿಬರುತ್ತದೆ. ಉಳಿದಿರುವುದು ಆಸೆಯಲ್ಲ, ಚಾವಣಿಯ ಶಾಖ. ಹೀಗೆ ಹೇಳುವ ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅದೇ ಬೆಚ್ಚಗಿನ ಮೈ ಮುಟ್ಟಿ 'ಅರ್ಧ ಗಂಟೆ ಕೆಳಗೆ ಸತ್ತಿದ್ದಾಳೆ' ಎಂದು ಬರೆಯುವ ಕಥೆಗಾರನ ಮೇಲೆ ಇದೆ.

ಇನ್ನೊಂದು ಮೂಢನಂಬಿಕೆ ಬಣ್ಣದ್ದು. ಮೈ ನೀಲಿಗಟ್ಟಿದೆ, ವಿಷ ಹಾಕಿದ್ದಾರೆ. ಹೊಟ್ಟೆ ಹಸಿರಾಗಿದೆ, ವಿಷವೇ. ಎರಡೂ ಸಾಮಾನ್ಯವಾಗಿ ವಿಷವಲ್ಲ. ಹೊಟ್ಟೆಯ ಬಲಗಡೆ ಕೆಳಗೆ ದೊಡ್ಡ ಕರುಳಿನ ಮೊದಲ ಭಾಗ ಚರ್ಮಕ್ಕೆ ಹತ್ತಿರವಿದೆ, ಅಲ್ಲಿನ ಬ್ಯಾಕ್ಟೀರಿಯಾ ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಹಸಿರಾಗುತ್ತದೆ. ಬೇಸಿಗೆಯಲ್ಲಿ 12ರಿಂದ 18 ಗಂಟೆ ಸಾಕು. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಎಣ್ಣೆ ಕುಡಿಸಿದ್ದರೆ ವೈದ್ಯರು ಹುಡುಕುವುದು ಬಣ್ಣವನ್ನಲ್ಲ. ವಾಸನೆ, ಬಾಯಿಯ ನೊರೆ, ಕುಗ್ಗಿದ ಕಣ್ಣುಪಾಪೆ.

ನೀಲಿಯ ಕಥೆ ಇದಕ್ಕಿಂತ ಸೊಗಸು. ಹೃದಯ ನಿಂತ ಮೇಲೆ ರಕ್ತ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಅಂಗಾತ ಮಲಗಿದ್ದರೆ ಬೆನ್ನಿಗೆ, ಕೂತಿದ್ದರೆ ಕಾಲಿಗೆ. ನೆಲಕ್ಕೆ ಒತ್ತಿಕೊಂಡ ಭುಜದ ಎಲುಬಿನ ಜಾಗ, ಪೃಷ್ಠ ಮಾತ್ರ ಬಿಳಚಿಕೊಂಡು ಉಳಿಯುತ್ತವೆ, ಏಕೆಂದರೆ ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿರುತ್ತವೆ. ಮೊದಮೊದಲು ಹೆಣ ಹೊರಳಿಸಿದರೆ ಕಲೆಯೂ ಜಾಗ ಬದಲಿಸುತ್ತದೆ. ಸುಮಾರು 6ರಿಂದ 12 ಗಂಟೆಯೊಳಗೆ ಅದು ಅಲ್ಲೇ ಕೂತುಬಿಡುತ್ತದೆ, ಬೆರಳೊತ್ತಿದರೂ ಮಾಸುವುದಿಲ್ಲ.

ನಮ್ಮ ಕಡೆ ಇದಕ್ಕೆ ಬೇರೆಯೇ ಬೆಲೆ ಇದೆ. ಲಿಂಗಾಯತರ ಮನೆಗಳಲ್ಲಿ ಹೆಣವನ್ನು ಮಲಗಿಸಿ ಇಡುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ, ವಿಭೂತಿ ಹಚ್ಚುತ್ತಾರೆ, ಹೂವಿನ ಹಾರ ಹಾಕುತ್ತಾರೆ. 'ಲಗೂನ ಕೂಡಸ್ರಿ, ಮೈ ಸೆಟಗೊಂತೈತಿ' ಎಂದು ಹಿರಿಯರು ಅವಸರ ಮಾಡುವುದರಲ್ಲಿ ಅಚ್ಚುಕಟ್ಟಾದ ಶರೀರಶಾಸ್ತ್ರವಿದೆ. ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದು ಬಿಡಬೇಕಾದರೆ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ಅದು ತೀರುತ್ತದೆ, ಹಿಡಿದ ಎಳೆ ಬಿಡುವುದಿಲ್ಲ, ಮೈ ಮರಗಟ್ಟುತ್ತದೆ. ಸೆಕೆಯಲ್ಲಿ ಅದು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಉತ್ತರ ಭಾರತದ ಚಳಿಗಾಲಕ್ಕೆ ಪಠ್ಯಗಳು 24ರಿಂದ 48 ಗಂಟೆ ಕೊಟ್ಟರೆ ಬೇಸಿಗೆಗೆ 18ರಿಂದ 36 ಕೊಡುತ್ತವೆ.

ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಸೊಸೆ ಬೆಳಗಿನ ಜಾವ ಕೂತಲ್ಲೇ ಎದೆನೋವಿನಿಂದ ಹೋದಳು, ಕೂಡಲೇ ಗೋಡೆಗೆ ಕೂಡಿಸಿದೆವು ಎಂದು ಗಂಡನ ಮನೆಯವರು ಹೇಳುತ್ತಾರೆ. ಸೀರೆ ಸರಿಸಿ ನೋಡಿದರೆ ಬೆನ್ನಿನ ತುಂಬ ಗಟ್ಟಿಯಾಗಿ ಕೂತ ನೇರಳೆ ಕಲೆ, ಪಾದಗಳಲ್ಲಿ ಏನೂ ಇಲ್ಲ. ಹಾಗಿದ್ದರೆ ಅವಳು ಗಂಟೆಗಟ್ಟಲೆ ಅಂಗಾತ ಬಿದ್ದಿದ್ದಳು, ಕೂಡಿಸಿದ್ದು ಆಮೇಲೆ. ಸತ್ತ ನಿಮಿಷ ಇದರಿಂದ ತಿಳಿಯುವುದಿಲ್ಲ, ಮನೆಯವರ ಕಥೆ ಸುಳ್ಳೆಂಬುದು ತಿಳಿಯುತ್ತದೆ. ನಾನು ಧಾರಾವಾಹಿ ಬರೆಯುವವನಾಗಿದ್ದರೆ ಇಡೀ ಕಂತನ್ನು ಈ ಕಲೆಯ ಮೇಲೇ ಕಟ್ಟುತ್ತಿದ್ದೆ. ಬೆಂಗಳೂರಿನ ಸ್ಟುಡಿಯೋದ ಏಸಿಯಲ್ಲಿ ಕೂತವರಿಗೆ ಇದು ಹೊಳೆಯದು ಬಿಡಿ.

ಕಾನೂನು ಕೂಡ ಟೀವಿಯಂತೆ ನಿಮಿಷ ಕೇಳುವುದಿಲ್ಲ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತಳೆಂದರೆ, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಇತ್ತೆಂದು ತೋರಿಸಿದರೆ, ಹೊಣೆ ಗಂಡನ ಮೇಲೆ ಬೀಳುತ್ತದೆ. 1986ರಲ್ಲಿ ಹಳೆಯ ಭಾರತೀಯ ದಂಡ ಸಂಹಿತೆಗೆ ಬಂದ 304ಬಿ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ನಾಲ್ಕು ಗೋಡೆಯೊಳಗೆ ಅವಳ ಜೊತೆ ಅವನೇ ಇದ್ದನೆಂದು ರುಜುವಾತಾದರೆ ಏನಾಯಿತೆಂದು ಅವನು ವಿವರಣೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ತ್ರಿಮುಖ್ ಮಾರೋತಿ ಕಿರ್ಕನ್ ಪ್ರಕರಣದಲ್ಲಿ 2006ರಲ್ಲಿ ಹೇಳಿದೆ. ಪೋಸ್ಟ್‌ಮಾರ್ಟಮ್ ವರದಿಯಲ್ಲಿ '6ರಿಂದ 12 ಗಂಟೆ' ಎಂದಿರುವುದನ್ನು ಕಂಡು, ಡಾಕ್ಟರು ದುಡ್ಡು ತಿಂದಿದ್ದಾರೆ ಎಂದು ಕೂಗಾಡುವ ತವರಿನವರಿಗೆ ಇದನ್ನು ಯಾರಾದರೂ ಹೇಳಬೇಕು. ಆ ಅಗಲವಾದ ಅಂಕಿಯೇ ಪ್ರಾಮಾಣಿಕ ಅಂಕಿ.

ಅಂಕಿಯನ್ನು ಇನ್ನಷ್ಟು ಹಾಳುಮಾಡುವ ಸಂಗತಿ ಒಂದಿದೆ. ಸೂರ್ಯಾಸ್ತದ ನಂತರವೂ ಶವಪರೀಕ್ಷೆ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಅನುಮತಿ ಕೊಟ್ಟಿತು. ಆದರೆ ಕೊಲೆ, ಆತ್ಮಹತ್ಯೆ, ಅನುಮಾನದ ಸಾವುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿತು. ಎಂದರೆ ಸಂಜೆ ಸಿಕ್ಕ ಹೆಣ ರಾತ್ರಿಯಿಡೀ ಶೀತಲ ಪೆಟ್ಟಿಗೆಯಲ್ಲಿ. ಬೆಳಗ್ಗೆ ಅಳೆದರೆ ಸಿಗುವುದು ಪೆಟ್ಟಿಗೆಯಲ್ಲಿ ಕಳೆದ ಹೊತ್ತಿನ ಲೆಕ್ಕ.

ಆದ್ದರಿಂದ ಮುಖ್ಯ ಅಳತೆ ಆಗಬೇಕಾದ್ದು ಆ ಮನೆಯಲ್ಲೇ, ಹೆಣ ಎತ್ತುವ ಮುಂಚೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ಬಂದವರು ದೇಹದ ಜೊತೆ ಕೋಣೆಯ ಉಷ್ಣತೆಯನ್ನೂ ಬರೆದುಕೊಳ್ಳಬೇಕು. ಕಿಟಕಿ ತೆರೆದಿತ್ತೇ, ಹೆಣ ಮಂಚದ ಮೇಲಿತ್ತೇ, ಶಹಾಬಾದ್ ಕಲ್ಲಿನ ನೆಲದ ಮೇಲಿತ್ತೇ, ಕೂಲರಿನಲ್ಲಿ ನೀರಿತ್ತೇ, ಕರೆಂಟು ಎಷ್ಟೊತ್ತಿಗೆ ಹೋಗಿ ಎಷ್ಟೊತ್ತಿಗೆ ಬಂತು. ಈ ಕೊನೆಯ ಪ್ರಶ್ನೆಗೆ ಗಂಡನನ್ನೇ ಕೇಳಬೇಕಾಗಿಲ್ಲ. ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಗಂಟೆ ನಿಮಿಷ ಸಮೇತ ಬರೆದಿರುತ್ತದೆ.