ಪದ ಪರಿಚಯ: ಲ್ಯಾಂಡ್ ಟ್ರಸ್ಟ್ ಅಂದರೆ ಏನು?

ನಮ್ಮ ಕಟ್ಟಡದ ಎರಡನೇ ಮಹಡಿಯ ಕಾಕು ಜಮಖಂಡಿ ಕಡೆಯವರು. ಪುಣೆಗೆ ಬಂದು ಮೂವತ್ತು ವರ್ಷ ದಾಟಿದೆ. ಹೋದ ತಿಂಗಳು ಅವರ ಮಗಳಿಗೆ ಅಮೆರಿಕದಲ್ಲಿ ಹೊಸ ಕೆಲಸ ಸಿಕ್ಕಿತು. ಒಂದು ಲ್ಯಾಂಡ್ ಟ್ರಸ್ಟ್‌ನಲ್ಲಿ ನೆಲ-ಜಲ ಸಂರಕ್ಷಣೆ ಕಾರ್ಯಕ್ರಮಗಳ ಮುಖ್ಯಸ್ಥೆ. ಪೇಢೆ ಕೊಡಲು ಬಂದ ಕಾಕು ಕೇಳಿದರು: "ಲ್ಯಾಂಡ್ ಅಂದ್ರ ಪ್ಲಾಟ್ ಮಾರೋ ಕಂಪನಿ ಏನ್ರಿ? ಊರಾಗ ಕೇಳಿದ್ರ ಏನಂತ ಹೇಳ್ಲಿ?"

ಅವರು ಕೇಳಿದ್ದು ಸರಿಯೇ. ಪುಣೆಯಲ್ಲಿ ಲ್ಯಾಂಡ್ ಅಂದ ಕೂಡಲೇ ಕಣ್ಣಿಗೆ ಬರುವುದು ಎನ್‌ಎ (ಕೃಷಿಯೇತರ) ಪ್ಲಾಟುಗಳ ಫಲಕ. ಟ್ರಸ್ಟ್ ಅಂದರೆ ಶಾಲೆ, ಆಸ್ಪತ್ರೆ, ಗುಡಿ. ಎರಡೂ ಪದ ಗೊತ್ತು, ಸೇರಿದಾಗ ಏನಾಗುತ್ತದೆ ಅನ್ನುವುದು ಗೊತ್ತಿಲ್ಲ. ಅವತ್ತು ಕಾಕು ಜೊತೆ ಕೂತು ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಲ್ಯಾಂಡ್ ಟ್ರಸ್ಟ್ ಅಂದರೆ ಲಾಭಕ್ಕಾಗಿ ಅಲ್ಲದೆ, ನೆಲ ಹಾಳಾಗದಂತೆ ಕಾಯಲೆಂದೇ ಕಟ್ಟಿಕೊಂಡ ಸಂಸ್ಥೆ. ಸರ್ಕಾರದ ಇಲಾಖೆ ಅಲ್ಲ. ಕಾಡು, ಹುಲ್ಲುಗಾವಲು, ಹೊಳೆಯ ದಂಡೆ, ಕೆಲವು ಕಡೆ ಉಳುವ ಹೊಲ ಕೂಡ ಅದರ ಕೈಯಲ್ಲಿರುತ್ತದೆ. ಈ ಯೋಚನೆ ಅಮೆರಿಕದ ಬಾಸ್ಟನ್‌ನ ಉದ್ಯಾನ ವಿನ್ಯಾಸಕ ಚಾರ್ಲ್ಸ್ ಎಲಿಯಟ್ ಅವರದು. ಗ್ರಂಥಾಲಯ ಜನರಿಗಾಗಿ ಪುಸ್ತಕ ಇಟ್ಟುಕೊಳ್ಳುತ್ತದೆ, ಚಿತ್ರಶಾಲೆ ಚಿತ್ರ ಇಟ್ಟುಕೊಳ್ಳುತ್ತದೆ, ಹಾಗೆಯೇ ಚೆಂದದ ನೆಲವನ್ನು ಇಟ್ಟುಕೊಳ್ಳುವ ಸಂಸ್ಥೆ ಯಾಕೆ ಇರಬಾರದು ಅಂತ ಅವರು ಕೇಳಿದರು. ಅದರಿಂದ 1891ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಟ್ರಸ್ಟೀಸ್ ಆಫ್ ರಿಸರ್ವೇಶನ್ಸ್ ಹುಟ್ಟಿತು. ನಾಲ್ಕು ವರ್ಷಕ್ಕೆ, 1895ರಲ್ಲಿ, ಇಂಗ್ಲೆಂಡಿನಲ್ಲಿ ನ್ಯಾಷನಲ್ ಟ್ರಸ್ಟ್ ಬಂತು. ಅದಕ್ಕೆ ಸಿಕ್ಕ ಮೊದಲ ನೆಲ ವೇಲ್ಸ್‌ನ ಸಮುದ್ರದಂಡೆಯ ಒಂದು ಗುಡ್ಡ, ಡಿನಾಸ್ ಒಲೈ. ಐದು ಎಕರೆಯೂ ಇಲ್ಲ. ಫ್ಯಾನಿ ಟಾಲ್ಬಟ್ ಎಂಬ ಮಹಿಳೆ ದಾನ ಕೊಟ್ಟದ್ದು. ಈಗ ಅಮೆರಿಕವೊಂದರಲ್ಲೇ ಲ್ಯಾಂಡ್ ಟ್ರಸ್ಟುಗಳು ಕಾಪಾಡಿದ ನೆಲ, 2020ರ ಲೆಕ್ಕದಲ್ಲಿ, 6 ಕೋಟಿ 10 ಲಕ್ಷ ಎಕರೆ.

ಇಷ್ಟು ನೆಲವನ್ನು ದುಡ್ಡು ಕೊಟ್ಟು ಕೊಂಡರಾ? ಇಲ್ಲ. ಸ್ವಲ್ಪ ಕೊಳ್ಳುತ್ತಾರೆ, ಸ್ವಲ್ಪ ದಾನ ಬರುತ್ತದೆ. ಇನ್ನೊಂದು ದಾರಿ ಇದೆ, ಅದರ ಹೆಸರು ಕನ್ಸರ್ವೇಶನ್ ಈಸ್ಮೆಂಟ್. ಇದು ಅರ್ಥವಾದರೆ ಲ್ಯಾಂಡ್ ಟ್ರಸ್ಟ್ ಮುಕ್ಕಾಲು ಅರ್ಥವಾದಂತೆ.

ಈಸ್ಮೆಂಟ್ ನಮಗೆ ಹೊಸದಲ್ಲ. ಹಿಂದಿನ ಹೊಲದವನಿಗೆ ರಸ್ತೆ ಇಲ್ಲ ಅಂದರೆ ನಮ್ಮ ಬದುವಿನ ಮೇಲೆ ಚಕ್ಕಡಿ ಹೊಡೆಯುತ್ತಾನೆ. ಹೊಲ ನಮ್ಮದು, ದಾರಿಯ ಹಕ್ಕು ಅವನದು. ನಾಳೆ ಹೊಲ ಮಾರಿದರೂ ಆ ದಾರಿಯನ್ನು ಹೊಸ ಮಾಲಕ ಮುಚ್ಚುವಂತಿಲ್ಲ. ಅಂದರೆ ಭೂಮಿ ಅನ್ನುವುದು ಒಂದೇ ಹಕ್ಕಲ್ಲ, ಹಕ್ಕುಗಳ ಒಂದು ಕಟ್ಟು. ಉಳುವ ಹಕ್ಕು, ಮರ ಕಡಿಯುವ ಹಕ್ಕು, ಬಾವಿ ತೋಡುವ ಹಕ್ಕು, ಮನೆ ಕಟ್ಟುವ ಹಕ್ಕು, ಮಾರುವ ಹಕ್ಕು. ಕಟ್ಟಿನಿಂದ ಒಂದು ಕಡ್ಡಿ ತೆಗೆದುಕೊಟ್ಟರೂ ಉಳಿದದ್ದು ನಮ್ಮ ಕೈಯಲ್ಲೇ ಇರುತ್ತದೆ ಅಲ್ವಾ?

ಕನ್ಸರ್ವೇಶನ್ ಈಸ್ಮೆಂಟ್‌ನಲ್ಲಿ ಮಾಲಕ ಬಿಟ್ಟುಕೊಡುವುದು ಆ ನೆಲವನ್ನು ಕೆಡಿಸುವ ಕಡ್ಡಿಯನ್ನು. ಲೇಔಟ್ ಮಾಡುವುದಿಲ್ಲ, ಕ್ವಾರಿ ತೆಗೆಯುವುದಿಲ್ಲ, ಹೊಳೆ ದಂಡೆಯ ಮರ ಕಡಿಯುವುದಿಲ್ಲ ಎಂದು ಬರೆದು ನೋಂದಣಿ ಮಾಡಿಸುತ್ತಾನೆ. ಹೊಲ ಅವನ ಹೆಸರಲ್ಲೇ ಇರುತ್ತದೆ. ಉಳಬಹುದು, ದನ ಮೇಯಿಸಬಹುದು, ಮಾರಲೂಬಹುದು. ಮಕ್ಕಳಿಗೆ ಬಿಡಬಹುದು. ಆದರೆ ಬರೆದುಕೊಟ್ಟ ಮಾತು ನೆಲದ ಜೊತೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳುವಾಗ ಸಾತ್‌ಬಾರಾದಲ್ಲಿ, ಅಂದರೆ ಅಲ್ಲಿನ ಪಹಣಿಯಲ್ಲಿ, 'ಇತರ ಅಧಿಕಾರ' ಅನ್ನುವ ಕಾಲಂ ನೋಡುತ್ತೇವಲ್ಲ, ಸಾಲ ಇದೆಯಾ, ಬೇರೆಯವರ ಹಕ್ಕು ಇದೆಯಾ ಅಂತ? ಅಂಥದೊಂದು ಕಾಲಂನಲ್ಲಿ "ಈ ಹೊಳೆಯನ್ನು ಕೆಡಿಸುವಂತಿಲ್ಲ" ಎಂದು ಬರೆದಿದೆ ಅಂದುಕೊಳ್ಳಿ.

ಬಿಟ್ಟುಕೊಟ್ಟ ಹಕ್ಕಿಗೆ ಬೆಲೆ ಇದೆ. ಲೇಔಟ್ ಮಾಡಬಹುದಾದಾಗ ಹೊಲದ ರೇಟು ಎಷ್ಟು, ಮಾಡಲಾಗದಿದ್ದಾಗ ಎಷ್ಟು ಅಂತ ಮೌಲ್ಯ ಕಟ್ಟುವವರು ಲೆಕ್ಕ ಹಾಕುತ್ತಾರೆ. ಆ ವ್ಯತ್ಯಾಸವನ್ನು ಟ್ರಸ್ಟ್ ಕೊಟ್ಟು ಕೊಳ್ಳಬಹುದು, ಇಲ್ಲವೇ ಮಾಲಕ ದಾನ ಮಾಡಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯಬಹುದು. ಇದರಲ್ಲಿ ಮೋಸವೂ ನಡೆದಿದೆ. ಸುಳ್ಳು ಮೌಲ್ಯ ಕಟ್ಟಿಸಿ ತೆರಿಗೆ ತಪ್ಪಿಸುವ ಕೂಟಗಳು ಹುಟ್ಟಿದವು, 2022ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಅದಕ್ಕೆ ಕಡಿವಾಣ ಹಾಕಬೇಕಾಯಿತು.

ಕಾಕು ಇಲ್ಲಿ ತಡೆದರು. "ಮಾರಿದ ಮ್ಯಾಲೆ ಹೊಸ ಮಾಲಕ ಯಾಕ ಕೇಳ್ತಾನ್ರಿ? ಎಷ್ಟು ವರ್ಷ ಅಂತ ಇರತೈತಿ ಆ ಮಾತು?"

ಎಂದೆಂದಿಗೂ. ಈಸ್ಮೆಂಟ್ ಪತ್ರಗಳಲ್ಲಿ ಸಾಮಾನ್ಯವಾಗಿ ಹಾಗೇ ಬರೆಯುತ್ತಾರೆ, ಕೊನೆಯಿಲ್ಲದ ಕಾಲದವರೆಗೆ ಅಂತ. ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದ ಆಗಲೇ ಇದೆ: ಆಚಂದ್ರಾರ್ಕ. ಸೂರ್ಯ ಚಂದ್ರರು ಇರುವ ತನಕ. ನಮ್ಮ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ಕೆತ್ತಿಸುತ್ತಿದ್ದ ಮಾತು ಇದು. ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಹೊಲ ಬಿಡುತ್ತಿದ್ದರು, ಅದಕ್ಕೆ ಕಟ್ಟುಕೊಡಗೆ ಎಂಬ ಹೆಸರಿತ್ತು. ಆ ಹೊಲದ ಬೆಳೆಯಿಂದ ಕೆರೆಯ ಹೂಳು ಎತ್ತುವುದು, ಏರಿ ಗಟ್ಟಿ ಮಾಡುವುದು ನಡೆಯಬೇಕು. ಕೊನೆಗೆ ಶಾಪ. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಬರಲಿ, ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ ಅಂತ. ಕೊಂಕಣದ ಕಡೆ ಶಿಲಾಹಾರರ ಕಾಲದ ಗಧೇಗಳ ಕಲ್ಲುಗಳೂ ಇದೇ ಜಾತಿಯವು. ಮೇಲೆ ಸೂರ್ಯ ಚಂದ್ರ, ಕೆಳಗೆ ಕತ್ತೆಯ ಚಿತ್ರದ ಬೈಗುಳ. ಕೊಟ್ಟವನು ಸತ್ತ ಮೇಲೂ ಮಾತು ಉಳಿಯಬೇಕು ಅನ್ನುವ ಚಿಂತೆ ಆಗಲೂ ಇತ್ತು. ಅವರು ಪಾಪದ ಭಯ ಇಟ್ಟರು. ಲ್ಯಾಂಡ್ ಟ್ರಸ್ಟ್ ಕಾವಲಿಗೆ ಜನರನ್ನು ಇಟ್ಟಿದೆ.

ಆ ಕಾವಲೇ ಕಾಕು ಅವರ ಮಗಳ ಕೆಲಸ. ಇಂಗ್ಲಿಷಿನಲ್ಲಿ ಸ್ಟೀವರ್ಡ್‌ಶಿಪ್ ಅನ್ನುತ್ತಾರೆ. ಕನ್ನಡದಲ್ಲಿ ನಾನು ಅದನ್ನು ನೆಲಗಾವಲು ಅನ್ನುತ್ತೇನೆ. ಈಸ್ಮೆಂಟ್ ಬರೆಸುವಾಗ ಆ ನೆಲ ಹೇಗಿದೆ ಅಂತ ಪೂರ್ತಿ ದಾಖಲೆ ಮಾಡುತ್ತಾರೆ. ನಕ್ಷೆ, ಗಡಿ, ಮರಗಳು, ಇರುವ ಕಟ್ಟಡ. ಇಂಥ ಜಾಗದಲ್ಲಿ ನಿಂತು ಇಂಥ ದಿಕ್ಕಿಗೆ ತೆಗೆದದ್ದು ಅಂತ ಗುರುತು ಹಾಕಿದ ಫೋಟೋಗಳು. ಆಮೇಲೆ ವರ್ಷಕ್ಕೆ ಒಂದು ಸಲವಾದರೂ ಹೋಗಿ ನೋಡಲೇಬೇಕು. ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ಮತ್ತೆ ಫೋಟೋ. ಹೋದ ವರ್ಷ ಇಲ್ಲದ ಶೆಡ್ ಬಂದಿದೆಯಾ? ಹೊಳೆ ಪಕ್ಕದ ಪೊದೆ ಸವರಿದ್ದಾರಾ?

ಇದನ್ನು ಹೇಳುವಾಗ ನನಗೆ ನೆನಪಾದದ್ದು ಎಳ್ಳಮಾವಾಸ್ಯೆ. ನಮ್ಮ ಅಪ್ಪ ಚರಗ ಚೆಲ್ಲುವಾಗ ಹೊಲದ ನಾಲ್ಕೂ ಬದು ಸುತ್ತುತ್ತಿದ್ದರು. ಬುಟ್ಟಿಯಲ್ಲಿ ಸಜ್ಜೆ ಕಡುಬು, ಪಲ್ಯ, ಅನ್ನ. ನಾನು ನೀರಿನ ತಂಬಿಗೆ ಹಿಡಿದು ಹಿಂದೆ. ಒಂದು ವರ್ಷ ಪಡುವಣ ಬದುವಿನ ಹತ್ತಿರ ನಿಂತುಬಿಟ್ಟರು. ಬಾಂದಕಲ್ಲಿನ ಈಚೆಗೆ ಒಂದು ಗೇಣು ಹೊಸ ಮಣ್ಣು. ಪಕ್ಕದವರ ನೇಗಿಲು ಬದು ತಿಂದಿತ್ತು. ಅಪ್ಪ ಕೂತು, ಕಲ್ಲಿನ ಬುಡದ ಮಣ್ಣು ಕೈಯಿಂದ ಸರಿಸಿ, ಗೇಣು ಹಾಕಿ ಅಳೆದರು. ಜಗಳ ಆಡಲಿಲ್ಲ. ಮರುದಿನ ಪಕ್ಕದ ಹೊಲದ ಕಾಕಾನನ್ನು ಕರೆದು ತೋರಿಸಿದರು. ಇಬ್ಬರೂ ಸೇರಿ ಬದು ಮೊದಲಿದ್ದ ಹಾಗೆ ಏರಿಸಿದರು. ಆ ವರ್ಷ ಸುತ್ತದೇ ಬಿಟ್ಟಿದ್ದರೆ ಮುಂದಿನ ವರ್ಷಕ್ಕೆ ಎರಡು ಗೇಣು, ಆಮೇಲೆ ಕಲ್ಲೇ ಮಾಯ.

ಲ್ಯಾಂಡ್ ಟ್ರಸ್ಟಿನವರ ವರ್ಷದ ಭೇಟಿಯೂ ಇಷ್ಟೇ. ಹೆಚ್ಚಿನ ತಕರಾರು ಮಾತಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಕೋರ್ಟು. ಅದಕ್ಕೆ ದುಡ್ಡು ಬೇಕು. ಹಾಗಾಗಿ ಒಳ್ಳೆಯ ಟ್ರಸ್ಟ್ ಹೊಸ ನೆಲ ಒಪ್ಪಿಕೊಳ್ಳುವಾಗಲೇ ಅದನ್ನು ಕಾಯುವ ಖರ್ಚಿಗೂ ಒಂದು ನಿಧಿ ಎತ್ತಿಡುತ್ತದೆ. ಹೊಸ ಎಕರೆ ಸೇರಿಸಿದ ಸುದ್ದಿಗೆ ಚಪ್ಪಾಳೆ ಬೀಳುತ್ತದೆ, ಹಳೆಯ ಎಕರೆ ಸುತ್ತಿ ಬಂದ ಸುದ್ದಿಗೆ ಬೀಳುವುದಿಲ್ಲ. ನನಗೆ ಎರಡನೆಯದೇ ದೊಡ್ಡ ಕೆಲಸ ಅನಿಸುತ್ತದೆ.

ಕಾರ್ಯಕ್ರಮದ ಮುಖ್ಯಸ್ಥೆಗೆ ಇನ್ನೂ ಬೇರೆ ಕೆಲಸಗಳಿವೆ. ಯಾವ ನೆಲ ಮೊದಲು ಅಂತ ನಕ್ಷೆ ನೋಡಿ ನಿರ್ಧರಿಸುವುದು, ದಾನಿಗಳನ್ನು ಹುಡುಕುವುದು, ವಕೀಲರು ಮತ್ತು ಸರ್ವೆಯವರ ಹಿಂದೆ ಓಡಾಡುವುದು. ರೈತರ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತ ವರ್ಷಗಟ್ಟಲೆ ಮಾತಾಡುವುದೂ ಇದರಲ್ಲಿ ಸೇರಿದೆ. ಅಜ್ಜನ ಹೊಲದ ಬಗ್ಗೆ ಯಾರೂ ಒಂದೇ ಭೇಟಿಯಲ್ಲಿ ಸಹಿ ಹಾಕುವುದಿಲ್ಲ.

ನೆಲದ ಜೊತೆ ಜಲ ಯಾಕೆ ಬಂತು? ನೀರನ್ನು ಕಾಯಬೇಕಾದರೆ ಅದು ಹರಿದು ಬರುವ ನೆಲವನ್ನು ಕಾಯಬೇಕು. ನ್ಯೂಯಾರ್ಕ್ ನಗರ ಕುಡಿಯುವ ನೀರಿನಲ್ಲಿ ಸುಮಾರು ಶೇ. 90 ಬರುವುದು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಕಡೆಯ ಬೆಟ್ಟಗಳಿಂದ, ಕೆಲವು ಜಲಾಶಯ 200 ಕಿಲೋಮೀಟರ್ ದೂರ. ಆ ನೀರನ್ನು ಸೋಸುವ ದೊಡ್ಡ ಘಟಕ ಕಟ್ಟುವ ಬದಲು, 1997ರ ಒಪ್ಪಂದದಂತೆ ನಗರ ಆ ಬೆಟ್ಟಗಳ ನೆಲವನ್ನು ಕಾಯಲು ದುಡ್ಡು ಹಾಕಿತು. ಮಾರಲು ಒಪ್ಪಿದವರಿಂದ ಮಾತ್ರ ಕೊಂಡಿತು, ಯಾರ ಹೊಲವನ್ನೂ ಕಸಿಯಲಿಲ್ಲ. ಹೊಲಗಳ ಈಸ್ಮೆಂಟುಗಳನ್ನು ಅಲ್ಲಿನ ವಾಟರ್‌ಶೆಡ್ ಅಗ್ರಿಕಲ್ಚರಲ್ ಕೌನ್ಸಿಲ್ ಎಂಬ ಸಂಸ್ಥೆ ಹಿಡಿದುಕೊಂಡಿದೆ. ಆ ನೀರಿಗೆ ಈಗಲೂ ಕ್ಲೋರಿನ್ ಮತ್ತು ಅತಿನೇರಳೆ ಬೆಳಕು ಸಾಕಾಗುತ್ತಿದೆ.

ಪುಣೆಯಲ್ಲಿ ನಾವು ನಲ್ಲಿ ತಿರುಗಿಸಿದಾಗ ಬರುವುದು ಖಡಕವಾಸ್ಲಾ, ಪಾನಶೇತ್, ವರಸಗಾವ್, ಟೇಮಘರ್ ಅಣೆಕಟ್ಟುಗಳ ನೀರು. ಮಳೆಗಾಲದಲ್ಲಿ ಭಜಿ ತಿನ್ನಲು ಖಡಕವಾಸ್ಲಾಗೆ ಹೋಗುವವರು ಒಮ್ಮೆ ಆಚೆಯ ಗುಡ್ಡಗಳನ್ನೂ ನೋಡಿ. ಅಲ್ಲಿ ಕಡಿದ ಗುಡ್ಡದ ಮಣ್ಣು ಬಂದು ಕೂರುವುದು ನಾವು ಕುಡಿಯುವ ನೀರಿನಲ್ಲೇ.

"ಹಂಗಾದ್ರ ನಮ್ಮಲ್ಲಿ ಯಾಕಿಲ್ರಿ ಇದು?" ಅಂತ ಕಾಕು ಕೇಳಿದರು.

ಕಾನೂನಿನ ತೊಡಕು ಮೊದಲ ಕಾರಣ. ನಮ್ಮ 1882ರ ಈಸ್ಮೆಂಟ್ ಕಾಯ್ದೆಯಲ್ಲಿ ಈಸ್ಮೆಂಟ್ ಹಕ್ಕು ಇನ್ನೊಂದು ಜಮೀನಿನ ಉಪಯೋಗಕ್ಕಾಗಿ ಇರಬೇಕು, ಚಕ್ಕಡಿ ದಾರಿಯ ಹಾಗೆ. ಪಕ್ಕದಲ್ಲಿ ಜಮೀನೇ ಇಲ್ಲದ ಸಂಸ್ಥೆಗೆ ಕಾಡಿನ ಸಲುವಾಗಿ ಅಂಥ ಹಕ್ಕು ಬರೆದುಕೊಡುವುದು ಆ ಚೌಕಟ್ಟಿಗೆ ಹೊಂದುವುದಿಲ್ಲ. ಪುಣೆಯ ಟೇಕಡಿಗಳಿಗೆ, ಅಂದರೆ ಗುಡ್ಡಗಳಿಗೆ, ಬಿಡಿಪಿ (ಜೀವವೈವಿಧ್ಯ ಉದ್ಯಾನ) ಅಂತ ಮೀಸಲಾತಿ ಇದೆ, ಊರಿಗೆ ಸೇರಿಸಿದ 23 ಹಳ್ಳಿಗಳ ಗುಡ್ಡಗಳಲ್ಲಿ 978 ಹೆಕ್ಟೇರ್. ಆದರೆ ಅದು ಸರ್ಕಾರ ನಕ್ಷೆಯ ಮೇಲೆ ಎಳೆದ ಗೆರೆ. ಜಮೀನಿನ ಮಾಲಕರು ಪರಿಹಾರ ಕೇಳುತ್ತಾ ಕೂತಿದ್ದಾರೆ. ಮಾಲಕ ತಾನಾಗಿ ಒಪ್ಪಿ, ಬೆಲೆ ಪಡೆದು ಕೊಟ್ಟ ಮಾತಿಗೂ ಇದಕ್ಕೂ ತುಂಬಾ ಅಂತರ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾವ್‌ಗೆ ಹೋಗಿ ನೋಡಿ. 1972ರ ಬರಗಾಲದ ನಂತರ ಪುಣೆಯ ಎಂಜಿನಿಯರ್ ವಿಲಾಸರಾವ್ ಸಾಳುಂಖೆ ಅಲ್ಲಿ ದೇವಸ್ಥಾನದ ಟ್ರಸ್ಟಿನ 40 ಎಕರೆ ಬಂಜರು ನೆಲವನ್ನು ಗುತ್ತಿಗೆಗೆ ಪಡೆದರು. ಬದು ಹಾಕಿ, ಕೆರೆ ಮಾಡಿ, ಓಡುವ ಮಳೆನೀರನ್ನು ನಿಲ್ಲಿಸಿದರು. ಅದರಿಂದ ಊರಿನವರು ಸೇರಿ ನೀರು ಹಂಚಿಕೊಳ್ಳುವ ಪಾಣಿ ಪಂಚಾಯತ್ ಹುಟ್ಟಿತು. ಅದರ ನಿಯಮಗಳು ಬಹಳ ಗಟ್ಟಿ. ನೀರಿನ ಪಾಲು ಹೊಲದ ಅಳತೆಗಲ್ಲ, ಮನೆಯ ತಲೆ ಎಣಿಕೆಗೆ. ತಲೆಗೆ ಅರ್ಧ ಎಕರೆ ಬೆಳೆಗೆ ಸಾಕಾಗುವಷ್ಟು, ಒಂದು ಮನೆಗೆ ಜಾಸ್ತಿ ಅಂದರೆ ಎರಡೂವರೆ ಎಕರೆಗೆ ಸಾಕಾಗುವಷ್ಟು ನೀರು. ಹೊಲ ಇಲ್ಲದವರಿಗೂ ಪಾಲು. ಹೊಲ ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ. ಕಬ್ಬು ಹಾಕುವಂತಿಲ್ಲ. ಹಕ್ಕಿನ ಕಟ್ಟನ್ನು ಬಿಚ್ಚಿ, ನೀರಿನ ಕಡ್ಡಿಯನ್ನು ಬೇರೆ ಮಾಡಿದ್ದು ಅಂದರೆ ಇದೇ.

ಪುಣೆಯದೇ ಅಪ್ಲೈಡ್ ಎನ್ವಿರಾನ್‌ಮೆಂಟಲ್ ರಿಸರ್ಚ್ ಫೌಂಡೇಶನ್ ಎಂಬ ಸಂಸ್ಥೆ ರತ್ನಾಗಿರಿ ಜಿಲ್ಲೆಯ ಸಂಗಮೇಶ್ವರದ ಕಡೆ ಕಾಡಿನ ಮಾಲಕರ ಜೊತೆ ಸಂರಕ್ಷಣೆಯ ಕರಾರು ಮಾಡಿಕೊಳ್ಳುತ್ತದೆ. ಅಲ್ಲಿ ಬಹಳಷ್ಟು ಕಾಡು ಖಾಸಗಿ, ಸೌದೆಗೆಂದು ಕಡಿದು ಮಾರುವುದು ವಾಡಿಕೆ. ಕಡಿಯದೆ ಬಿಟ್ಟರೆ ಊರಿಗೆ ನೆರವು. ತಾರೆ ಮರದ ಕಾಯಿ ಆರಿಸಿ ಮಾರಿದರೆ ಒಳ್ಳೆಯ ಬೆಲೆ. ಆ ದೊಡ್ಡ ತಾರೆ ಮರಗಳ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ.

ಕಾನೂನಿನಲ್ಲೂ ಒಂದು ಬಾಗಿಲು ತೆರೆದಿದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ, ಊರಿನವರು ಅಥವಾ ಒಬ್ಬ ಮಾಲಕ ತಾವಾಗಿ ಮುಂದೆ ಬಂದರೆ ಖಾಸಗಿ ನೆಲವನ್ನೂ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಬಹುದು. ಆಮೇಲೆ ಆ ನೆಲದ ಬಳಕೆ ಬದಲಿಸಬೇಕಾದರೆ ಊರಿನ ಪ್ರತಿನಿಧಿಗಳಿರುವ ಸಮಿತಿಯ ಠರಾವು ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಘೋಷಣೆಯಾಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಜನರ ಹಿತ್ತಿಲಿನ ಹುಣಸೆ ಮರಗಳ ಮೇಲೆ. ಮರ ಮನೆಯವರದು, ಹುಣಸೆ ಹಣ್ಣೂ ಮನೆಯವರದು, ಗೂಡಿನ ಕೊಂಬೆ ಹಕ್ಕಿಯದು.

ಕಾಕು ಪೇಢೆಯ ಡಬ್ಬಿ ಮುಚ್ಚಿಟ್ಟು ಅಲ್ಲೇ ಮಗಳಿಗೆ ಫೋನ್ ಮಾಡಿದರು. ಅಲ್ಲಿ ಆಗಿನ್ನೂ ಬೆಳಗಾಗುತ್ತಿತ್ತು. "ಇವತ್ತ ಯಾವ ಹೊಲ ಸುತ್ತೂದೈತಿ ನಿಂದು?" ಅಂತ ಕೇಳುತ್ತಾ ಮೆಟ್ಟಿಲಿಳಿದು ಹೋದರು.